ಪುಂಡಿಪಲ್ಯೆ ಇಲ್ಲದ ರವಿವಾರಗಳು

ಆ ದಿನಗಳಲ್ಲಿ ಘೋಡಗೇರಿಯ ನಮ್ಮ ಪುಟ್ಟ ಚರ್ಚಿನಲ್ಲಿ ಗಡಿಯಾರ ಇರಲಿಲ್ಲ. ಗೋಕಾಕದ ಬಸ್ಸಿನಿಂದ ಪಾಸ್ಟರು ಇಳಿದರೆಂದರೆ ಆರಾಧನೆಯ ಹೊತ್ತಾಯಿತೆಂದೇ ಲೆಕ್ಕ. ತಗಡು ಹೊದಿಸಿದ ಒಂದೇ ಕೋಣೆ, ಬೆರಳೆಣಿಕೆಯ ಮನೆಗಳವರು. ದೊಡ್ಡವರು ಜಮಖಾನೆಯ ಮೇಲೆ ಕೂತು ಕಣ್ಣು ಮುಚ್ಚಿದರೆ, ಮಕ್ಕಳಾದ ನಮ್ಮ ಕಣ್ಣೆಲ್ಲ ಮೂಲೆಯಲ್ಲಿಟ್ಟ ರೊಟ್ಟಿಗಂಟುಗಳ ಮೇಲೆ. ಪಾಸ್ಟರ ಕಣ್ಣೂ ಒಮ್ಮೊಮ್ಮೆ ಅತ್ತ ಹೋಗುತ್ತಿತ್ತು.

ಆರಾಧನೆ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಉಣ್ಣುವುದು ವಾಡಿಕೆ. ರೊಟ್ಟಿ ಎಲ್ಲರೂ ತರುತ್ತಿದ್ದರು. ಅದಕ್ಕೆ ಹಚ್ಚಿಕೊಳ್ಳುವುದು ಮಾತ್ರ ಒಂದೊಂದು ಮನೆಗೆ ಒಂದೊಂದು ಗೊತ್ತಾಗಿತ್ತು. ಎಲ್ಲರಿಗಿಂತ ಹಿರಿಯಳಾದ ರೂತವ್ವ ಆಯಿಯದು ಶೇಂಗಾ ಚಟ್ನಿ, ನಮ್ಮ ಅವ್ವನದು ಹುಳಿಸೊಪ್ಪಿನ ಪುಂಡಿಪಲ್ಯೆ. ಒಬ್ಬರ ಪಾಲಿನದನ್ನು ಇನ್ನೊಬ್ಬರು ಮಾಡುವಂತಿರಲಿಲ್ಲ. ಹಾಗಾಗಿ ಯಾರು ಬಂದಿಲ್ಲವೆಂದು ತಾಟು ನೋಡಿದರೆ ತಿಳಿಯುತ್ತಿತ್ತು.

ಒಂದು ವರ್ಷ ಕಬ್ಬಿನ ಹಂಗಾಮಿನಲ್ಲಿ, ಜ್ವರವೆಂದು ಮಲಗಿದ ಅಪ್ಪ ಏಳಲೇ ಇಲ್ಲ. ಮಣ್ಣು ಮಾಡಿ ಬಂದ ಮೇಲೆ ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಅವಳ ತಂಗಿ, ನನ್ನ ಚಿಗವ್ವ, ಬಂದು ಒಲೆ ಹೊತ್ತಿಸುತ್ತಿದ್ದಳು. ಊರ ಹೊರಗಿನ ಗಾಣದಿಂದ ಬೆಲ್ಲ ಕುದಿಯುವ ವಾಸನೆ ಬರುತ್ತಿತ್ತು. ಗೆಳತಿಯರು ಕುಂಟಾಟಕ್ಕೆ ಕರೆದರೆ ನಾನು ಹೋಗುತ್ತಿರಲಿಲ್ಲ. ನಾನು ಆಚೆ ಹೋದಾಗ ಅವ್ವನೂ ಅಪ್ಪನ ಹಾಗೆ ಹೋಗಿಬಿಟ್ಟರೆ ಎಂಬ ಹೆದರಿಕೆ.

ಮೊದಲ ರವಿವಾರ ನಾವು ಚರ್ಚಿಗೆ ಹೋಗಲಿಲ್ಲ. ಮಧ್ಯಾಹ್ನ ಇಡೀ ಚರ್ಚೇ ರೊಟ್ಟಿಗಂಟು ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂತು. ಯಾರೂ ಅವ್ವನನ್ನು ಎಬ್ಬಿಸಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ಬೇವಿನ ನೆರಳಲ್ಲಿ ಕೂತು ಉಂಡರು, ಅವ್ವನ ತಲೆದೆಸೆಗೆ ರೊಟ್ಟಿ ಮುಚ್ಚಿಟ್ಟು ಹೋದರು. ಮುಂದಿನ ರವಿವಾರವೂ ಹಾಗೆಯೇ. ಚಿಗವ್ವನಿಗೆ ಸಂಕೋಚವಾಗಿ, ತಾನೇ ಪುಂಡಿಪಲ್ಯೆ ಮಾಡಿಕೊಡುತ್ತೇನೆಂದಳು.

“ಬ್ಯಾಡವಾ,” ಅಂದಳು ಆಯಿ. “ಅದು ನಿಮ್ಮಕ್ಕನ ಪಾಲಿಂದು. ಆಕಿ ಮಾಡಿದಾಗ ಉಣ್ತೀವಿ.”

ನನಗೆ ಆಯಿಯ ಮೇಲೆ ಸಿಟ್ಟೇ ಬಂತು. ಅವ್ವ ನೀರು ಕುಡಿಯಲೂ ಏಳುತ್ತಿರಲಿಲ್ಲ, ಇವಳಿಗೆ ಪಲ್ಯೆಯ ಚಿಂತೆ. ಹೊರಡುವಾಗ ಅವಳ ಸೆರಗು ಹಿಡಿದು, ಅವ್ವ ಏಳದಿದ್ದರೆ ಏನು ಮಾಡುತ್ತೀ ಎಂದು ಕೇಳಿದೆ.

“ಏಳದಿದ್ರ ಮುಂದಿನ ರವಿವಾರನೂ ಬರ್ತೀವಿ, ಯವ್ವಾ.”

ಬಂದರು. ಕಬ್ಬಿನ ಗಾಡಿಗಳು ನಿಂತು, ಗಾಣದ ಒಲೆ ಆರಿದ ಮೇಲೂ ಬರುತ್ತಲೇ ಇದ್ದರು. ಒಂದು ದಿನ ಬರೀ ಶೇಂಗಾ ಚಟ್ನಿ ಹಚ್ಚಿದ ಒಣ ರೊಟ್ಟಿ ಪಾಸ್ಟರ ಗಂಟಲಿಗೆ ಸಿಕ್ಕಿ ಬಿಕ್ಕಳಿಕೆ ಹತ್ತಿತು. ನೀರು ಕುಡಿದರೂ ನಿಲ್ಲಲಿಲ್ಲ. ಮಕ್ಕಳು ನಕ್ಕೆವು, ಅವರು ಮುಖ ಗಂಟು ಹಾಕಿಕೊಂಡು ಇನ್ನೂ ಜೋರಾಗಿ ಬಿಕ್ಕಿದರು. ಆಗ ಒಳಗಿನಿಂದ ಅವ್ವನ ದನಿ ಕೇಳಿತು.

“ಒಣಾ ರೊಟ್ಟಿ ಎಷ್ಟ ದಿನಾ ಅಂತ ತಿಂತೀರಿ?”

ಎಲ್ಲರ ಕೈಯೂ ನಿಂತಿತು. ಅವ್ವ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ ಪುಂಡಿಸೊಪ್ಪು ಹರಿದು ತಂದಳು. ಬಳ್ಳೊಳ್ಳಿ ಸುಲಿ ಎಂದು ನನ್ನನ್ನು ಕರೆದಳು. ಆ ಕೂಗಿಗೆ ನನಗೆ ಅಳುವೇ ಬಂತು. ಪಲ್ಯೆ ಕುದಿಯುವ ತನಕ ಎಲ್ಲರೂ ಬಿಸಿಲು ಸರಿದಂತೆ ಸರಿಯುತ್ತ ಕಾದು ಕೂತರು. ಉಪ್ಪು ಜಾಸ್ತಿಯಾಗಿತ್ತು. ಪಾಸ್ಟರು ಎರಡನೇ ಸಲ ಹಾಕಿಸಿಕೊಂಡರು. ಬಡಿಸುತ್ತಲೇ ಅವ್ವ ಅತ್ತಳು, ಆಯಿ ತಡೆಯದೆ ಅವಳನ್ನು ಅಳಲು ಬಿಟ್ಟಳು.

ಈಗ ನಾನಿರುವುದು ಗೋಕಾಕದಲ್ಲಿ. ಚರ್ಚು ದೊಡ್ಡದು, ಕುರ್ಚಿ, ಫ್ಯಾನು, ಹಾಡಿನ ಸಾಲು ತೋರಿಸುವ ಪರದೆ ಎಲ್ಲ ಇವೆ. ಈಚೆಗೆ ಮೊಣಕಾಲು ನೋವಿನಿಂದ ಕೆಲವು ವಾರ ಹೋಗಲಾಗಲಿಲ್ಲ. ಬೇಗ ಗುಣವಾಗಲೆಂದು ಮೊಬೈಲಿಗೆ ಸಾಕಷ್ಟು ಸಂದೇಶಗಳು ಬಂದವು. ಒಳ್ಳೆಯ ಜನ, ದೂರಲಾರೆ. ಆದರೂ ಹೋದ ರವಿವಾರ ಪುಂಡಿಪಲ್ಯೆಯನ್ನು ನಾಲ್ಕು ಮಂದಿಗಾಗುವಷ್ಟು ಮಾಡಿ, ಮುಂಬಾಗಿಲು ತೆರೆದಿಟ್ಟು ಕೂತೆ. ಸಂಜೆ ಬಾಗಿಲು ಹಾಕಿ ಒಬ್ಬಳೇ ಉಂಡೆ.