ಅಮ್ಮನಿಗೊಂದು ಗುಣಿಮಗ್ಗ

ಬೆಳಿಗ್ಗೆ ಹಾಲು ಕಾಯಿಸಿ, ಇವರಿಗೆ ಊಟದ ಡಬ್ಬಿ ಕಟ್ಟಿಕೊಟ್ಟು, ಹಾಸನದಿಂದ ಅರಕಲಗೂಡಿನ ಬಸ್ಸು ಹತ್ತಿದೆ. ಮಗ್ಗ ಮಾರಿ ನಮ್ಮಲ್ಲಿಗೆ ಬಂದ ಅಮ್ಮ ಕೈಕಟ್ಟಿ ಕೂತಿರುವುದನ್ನು ನೋಡಲಾಗದೆ, ಹಳೆಯದೊಂದನ್ನು ಹುಡುಕುತ್ತಿದ್ದೆ.

ನೇಕಾರರ ಬೀದಿಯ ಪುಟ್ಟಮ್ಮ ತನ್ನ ಗುಣಿಮಗ್ಗ ಕೊಡಲು ಒಪ್ಪಿದಳು. ನೇಯುವವರ ಹೊಟ್ಟೆ ತಾಗಿ ತಾಗಿ ಅದರ ಅಡ್ಡಮರ ನುಣುಪಾಗಿತ್ತು. ಸವರಿದರೆ, ಅಮ್ಮನ ಲಾಳಿಯ ಸದ್ದಿಗೆ ನಿದ್ದೆಹೋಗುತ್ತಿದ್ದ ಮಧ್ಯಾಹ್ನಗಳು ನೆನಪಾದವು.

"ಮರ ಏನೋ ತಕಂಡೋಯ್ತೀರಿ. ಕಾಲಿಳಿಬಿಡಕ್ಕೆ ನಿಮ್ಮನೇಲಿ ಗುಣಿ ಐತಾ, ಅಮ್ಮಾವ್ರೇ?" ಎಂದು ಪುಟ್ಟಮ್ಮ ನಕ್ಕಳು. ನಮ್ಮ ಬಾಡಿಗೆ ಮನೆಯ ಸಿಮೆಂಟು ನೆಲ ನನಗೆ ಆಗಲೇ ನೆನಪಾದದ್ದು. ಬರಿಗೈಯಲ್ಲಿ ಮರಳಿದೆ.

ಸಂಜೆ ಇದನ್ನು ಹೇಳಿಕೊಂಡಾಗ ಪಕ್ಕದ ಮನೆಯ ಗೌರಮ್ಮ ಎಮ್ಮೆಗೆ ಹುಲ್ಲು ಹಾಕುತ್ತಲೇ ಅಂದರು: "ನಮ್ ಕೊಟ್ಟಿಗೇದು ಮಣ್ಣಿನ ನೆಲ ಕಣ್ರೀ, ಒಂದ್ ಮೂಲೇಲಿ ತೋಡ್ಸಿ. ಎಮ್ಮೇಗೂ ಜೊತೆ ಆಯ್ತದೆ."