ಎಡಗಡೆಯ ಗಾಲಿ

ಎಷ್ಟು ಸೋಪು ಹಚ್ಚಿ ತಿಕ್ಕಿದರೂ ಬೆರಳಿನಿಂದ ಗ್ರೀಸಿನ ವಾಸನೆ ಹೋಗಲಿಲ್ಲ. ಮೊಮ್ಮಗಳನ್ನು ಆಸ್ಪತ್ರೆಯಿಂದ ಮನೆಗೆ ತರುವ ಹಿಂದಿನ ದಿನ ನನ್ನ ಹಳೆಯ ವ್ಯಾನಿನ ಮುಂದಿನ ಎರಡೂ ಗಾಲಿ ಬಿಚ್ಚಿ, ಬೇರಿಂಗು ತೊಳೆದು, ಹೊಸ ಗ್ರೀಸು ತುಂಬಿದ್ದೆ. ಗಾಲಿಗೆ ಏನೂ ಆಗಿರಲಿಲ್ಲ. ಅಳಿಯ ನಿಂತು ನೋಡಿ ನಕ್ಕ.

“ಮಾವಾರ, ಕೋಠಿ ದವಾಖಾನಿಯಿಂದ ಬಾಲಾನಗರದ ಮನಿಗೆ ಬರೂದೈತ್ರಿ, ಕಾಶಿಗಲ್ಲ.”

ನಗಲಿ. ಮೊಮ್ಮಗಳು ಹುಟ್ಟಿದ ದಿನ ನಾನು ಓಣಿಯ ನಾಯಿಗೂ ಪೇಡೆ ತಿನ್ನಿಸಿದವನು. ಮಾತಾಡಲು ಬಾಯಿ ತೆರೆದರೆ ನಗು, ನಗಲು ಹೋದರೆ ಕಣ್ಣೀರು. ಆದರೆ ತುಂಬಿದ ಕೊಡ ಹೊತ್ತವಳಿಗೆ ದಾರಿಯ ಕಲ್ಲೇ ಕಾಣುತ್ತದಲ್ಲ, ಹಾಗೆ ಸಂತೋಷ ತುಂಬಿದಷ್ಟೂ ನನಗೆ ಹೆದರಿಕೆಯೂ ತುಂಬಿತ್ತು. ಬೆರಳನ್ನು ಮೂಗಿಗೆ ಹಿಡಿದೆ. ನಮ್ಮ ಉಸ್ತಾದರು ಬಂದು ಪಕ್ಕದಲ್ಲಿ ನಿಂತ ಹಾಗಾಯಿತು...

ಉಸ್ತಾದರು ನಮ್ಮ ಮನೆಯ ಗೋಡೆಗೆ ಗೋಡೆ ಹಚ್ಚಿ ಇದ್ದವರು. ಹುಮನಾಬಾದ್ ಕಡೆಯಿಂದ ಬಂದು ಬಾಲಾನಗರದಲ್ಲಿ ತಗಡಿನ ಶೆಡ್ಡು ಹಾಕಿ ಕಾರು ರಿಪೇರಿ ಮಾಡುತ್ತಿದ್ದರು. ನಾನು ಆಗ ಒಬ್ಬ ಗುತ್ತಿಗೆದಾರರ ಕಾರು ಓಡಿಸುತ್ತಿದ್ದೆ. ನನಗೆ ತಮ್ಮಾ ಅನ್ನುತ್ತಿದ್ದರು, ನನ್ನ ಹೆಂಡತಿಗೆ ತಂಗೀ. ಸದ್ದಿನ ತಕರಾರಿದ್ದರೆ ಡ್ರೈವರನ ಪಕ್ಕ ಕೂತು, ಬಾಯಲ್ಲಿ ಒಂದು ಲವಂಗ ಇಟ್ಟು, ಕಣ್ಣು ಮುಚ್ಚುತ್ತಿದ್ದರು. ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ರೋಗ ಹೇಳುತ್ತಿದ್ದರು.

ಗಾಲಿಯ ಬೇರಿಂಗು ಸವೆದರೆ ಕಾರು ಮೊದಲು ಗುಂಯ್ ಅನ್ನುತ್ತದೆ, ದೂರದಲ್ಲಿ ವಿಮಾನ ಹೋದ ಹಾಗೆ. ಜೋರಾಗಿ ಓಡಿಸಿದರೆ ಸದ್ದೂ ಜೋರಾಗುತ್ತದೆ. ಲಕ್ಷ್ಯ ಕೊಡದೆ ಓಡಿಸಿದರೆ ಗಾಲಿ ಅಲುಗುತ್ತದೆ, ಕಾದು ಸುಡುತ್ತದೆ, ಕಡೆಗೆ ಒಂದು ದಿನ ಕಳಚಿಕೊಂಡು ಕಾರಿಗಿಂತ ಮುಂದೆ ಉರುಳುತ್ತದೆ. ಹಾಗೆ ಗಾಲಿ ಕಳೆದುಕೊಂಡು ಮಗುಚಿ ಬಿದ್ದ ಕಾರೊಂದನ್ನು ನಾನು ಕಣ್ಣಾರೆ ನೋಡಿದ್ದೆ. ಅದರೊಳಗಿಂದ ಜನರನ್ನು ಎತ್ತಿದ್ದನ್ನೂ...

ಆಗ ನನ್ನ ಹೆಂಡತಿ ತುಂಬು ಬಸುರಿ, ಕುಬಸ ಮುಗಿದಿತ್ತು. ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಹೆರಿಗೆಗೆ ಜಹೀರಾಬಾದಿನ ಹತ್ತಿರದ ಅವಳ ತವರಿಗೆ ಕಳಿಸಬೇಕು. ಅದಕ್ಕೂ ಮುಂಚೆ ಒಂದು ಬಸಿರು ಉಳಿದಿರಲಿಲ್ಲ, ಹಾಗಾಗಿ ಬಸ್ಸಿನ ಕುಲುಕಾಟ ಬೇಡ ಎಂದು ಮಾಲೀಕರ ಕಾರು ಕೇಳಿಕೊಂಡಿದ್ದೆ. ಆ ಕಾರೇ ಗುಂಯ್ ಅನ್ನತೊಡಗಿತ್ತು.

ಉಸ್ತಾದರು ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿದರು. “ಬಲಗಡಿ ಮುಂದಿಂದು,” ಅಂದರು. ಅವಸರವಿತ್ತು, ಆ ಒಂದೇ ಗಾಲಿ ಬಿಚ್ಚಿದರು. ಕರಿ ಗ್ರೀಸಿನಲ್ಲಿ ಮುಳುಗಿದ್ದ ಹಳೆಯ ಬೇರಿಂಗನ್ನು ತೊಳೆಯದೆ ಕಾಗದದಲ್ಲಿ ಸುತ್ತಿ ಡಿಕ್ಕಿಗೆ ಎಸೆದರು. ತೆಗೆದ ಸಾಮಾನನ್ನು ಕಾರು ಊರು ಮುಟ್ಟಿ ಬರುವ ತನಕ ಬಿಸಾಡಬಾರದು ಎಂಬುದು ಅವರ ಪದ್ಧತಿ. ಹೊಸದನ್ನು ಮಾತ್ರ ಕೈ ತೊಳೆಯದೆ ಮುಟ್ಟುತ್ತಿರಲಿಲ್ಲ. “ಹಸಿಗೂಸು ಇದ್ದಂಗ ಇದು. ಒಂದು ಮಳಲ ಕಾಳು ಹೋದ್ರೂ ಸಾಯ್ತದ,” ಅನ್ನುತ್ತಿದ್ದರು.

ಮರುದಿನ ಬೆಳಿಗ್ಗೆ ಹೊರಟೆವು. “ನನ್ನ ತಂಗಿನ್ನ ನಾನೂ ಬಿಟ್ಟು ಬರ್ತೀನಿ,” ಎಂದು ಉಸ್ತಾದರು ನನ್ನ ಪಕ್ಕ ಕೂತರು. ಸಂಗಾರೆಡ್ಡಿ ದಾಟಿದ ಮೇಲೆ ರಸ್ತೆ ಖಾಲಿಯಾಯಿತು, ವೇಗ ಹೆಚ್ಚಿಸಿದೆ. ಹಿಂದೆ ಎಡಗಡೆ ಕೂತಿದ್ದ ಹೆಂಡತಿ ಮೆಲ್ಲಗೆ ಅಂದಳು, “ಅಣ್ಣಾರ, ಇನ್ನೂ ಗುಂಯ್ ಅನ್ನಾಕತ್ತೈತ್ರಿ.”

“ಹೊಸಾ ಬೇರಿಂಗ್ ತಂಗೀ. ಕೂಡಾಕ ಟೈಮ್ ಬೇಕು.”

“ನನ್ನ ಪಾದಕ್ಕ ನಡುಕ ಬರಾಕತ್ತೈತ್ರಿ.”

ನನಗೂ ಕೇಳಿಸುತ್ತಿತ್ತು. ಆದರೆ ಉಸ್ತಾದರೇ ಹೇಳಿದ ಮೇಲೆ ನಾನು ಏನು ಹೇಳಲಿ? ರಸ್ತೆ ಬಲಕ್ಕೆ ತಿರುಗಿದಾಗ ಕಾರಿನ ಭಾರ ಎಡಕ್ಕೆ ಬಿತ್ತು, ಸದ್ದು ಗರಗರ ಎಂದು ಏರಿತು. ಕನ್ನಡಿಯಲ್ಲಿ ನೋಡಿದೆ. ಹೆಂಡತಿ ಎರಡೂ ಕೈಯಿಂದ ಹೊಟ್ಟೆಯನ್ನು ಅಪ್ಪಿ ಹಿಡಿದಿದ್ದಳು. ಎದುರಿಂದ ಲಾರಿ ಬರುತ್ತಿತ್ತು. ಉಸ್ತಾದರು ಮುಂದೆಯೇ ನೋಡುತ್ತಿದ್ದರು, ಏನೂ ಕೇಳಿಸದವರ ಹಾಗೆ. ಆಮೇಲೆ ಒಮ್ಮೆಲೆ ಮೈ ಪೂರಾ ಹಿಂದಕ್ಕೆ ತಿರುಗಿಸಿ ಬಲಗಿವಿಯನ್ನು ಎಡಗಡೆಯ ಕಿಟಕಿಗೆ ಹಚ್ಚಿದರು.

“ನಿಂದರಸು. ಬ್ರೇಕ್ ತುಳಿಬ್ಯಾಡ, ಮೆಲ್ಲಕ ನಿಂದರಸು.”

ಇಳಿದು ಬಲಗಾಲಿಯ ನಡುವೆ ಕೈ ಇಟ್ಟರು. ತಣ್ಣಗಿತ್ತು. ಎಡಗಾಲಿಗೆ ಇಟ್ಟ ಕೈಯನ್ನು ಕಾದ ಹಂಚು ಮುಟ್ಟಿದವರ ಹಾಗೆ ಹಿಂದಕ್ಕೆ ಎಳೆದುಕೊಂಡರು. ಜಾಕ್ ಏರಿಸಿ ಗಾಲಿಯ ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಬಿದ್ದುಹೋಗುವ ಹಲ್ಲಿನ ಹಾಗೆ ಅಲುಗಿತು. ಹಾಗೇ ಮಣ್ಣಿನ ಮೇಲೆ ಕೂತುಬಿಟ್ಟರು.

“ತಮ್ಮಾ, ನನ್ನ ಎಡಗಿವಿ ಸತ್ತು ಭಾಳ ದಿನ ಆತು. ಯಾರಿಗೂ ಹೇಳಿಲ್ಲ. ಎಲ್ಲಾ ಸದ್ದೂ ನನಗ ಬಲಗಡಿಂದನ ಬರ್ತದ.”

ಹೆಂಡತಿ ಬೇವಿನ ಗಿಡದ ನೆರಳಿಗೆ ಹೋಗುತ್ತಾ ಅಂದಳು, “ಅಳೂದು ಆಮ್ಯಾಲ ಮಾಡ್ರಿ ಅಣ್ಣಾರ. ಡಿಕ್ಕಿಯಾಗ ಏನೋ ಕಟ್ಟಿ ಒಗದಿದ್ರಿ, ಅದು ಏನದು?”

ಬಲಗಾಲಿಯಿಂದ ತೆಗೆದ ಹಳೆಯ ಬೇರಿಂಗು. ಉಸ್ತಾದರು ಪೆಟ್ರೋಲಿನಲ್ಲಿ ತೊಳೆದರು. ಕರಿ ಗ್ರೀಸು ಹೋದಂತೆ ಉಕ್ಕು ಹೊಳೆಯಿತು. ಒಂದು ಗೀರೂ ಇಲ್ಲ. ಕೆಡದೇ ಇದ್ದದ್ದನ್ನು ಬಿಚ್ಚಿ ಎಸೆದಿದ್ದರು, ಅದೇ ಈಗ ನಮ್ಮನ್ನು ಕಾಯಲು ಡಿಕ್ಕಿಯಲ್ಲಿ ಕೂತಿತ್ತು. ಎಡಗಾಲಿಯಿಂದ ಹೊರಬಂದದ್ದು ಸುಟ್ಟು ನೀಲಿಯಾಗಿತ್ತು, ಮೈತುಂಬ ಸಿಡುಬಿನ ಕಲೆಯಂತೆ ಗುಳಿ. ಗಾಲಿಯೊಳಗೆ ಕಚ್ಚಿಕೊಂಡಿದ್ದ ಅದರ ಉಕ್ಕಿನ ಬಳೆಯನ್ನು ಬಡಿದು ತೆಗೆದು, ತೊಳೆದದ್ದನ್ನು ಕೂರಿಸಿ, ಗ್ರೀಸು ತುಂಬಿ, ನಟ್ಟು ಬಿಗಿದು ಗಾಲಿ ತಿರುಗಿಸಿದರು. ಮತ್ತೆ ಕೈ ಇಟ್ಟರು. ಆದರೂ ನಂಬದೆ ಹೆಂಡತಿಯನ್ನು ಕರೆದರು. “ತಂಗೀ, ನೀ ಕೇಳು.”

ಅವಳು ಬಗ್ಗಲಾರದೆ ಬಗ್ಗಿ ಕೇಳಿದಳು. “ಸುಮ್ಮನ ಐತ್ರಿ.”

ಮೆಲ್ಲಗೆ ಓಡಿಸಿಕೊಂಡು ತವರು ಮುಟ್ಟಿದೆವು. ಆಮೇಲೆ ಉಸ್ತಾದರು ಯಾವ ಕಾರಿಗೂ ಒಂದೇ ಬದಿ ಬಿಚ್ಚಲಿಲ್ಲ. ಗಿರಾಕಿಗಳ ಮುಂದೆಯೇ, “ನನ್ನ ಎಡಗಿವಿ ಬಾಜೂ ಮನಿಯಾಗ ಐತಿ, ತಡೀರಿ,” ಎಂದು ನನ್ನ ಹೆಂಡತಿಯನ್ನು ಕೂಗುತ್ತಿದ್ದರು. ಅವಳು ಕೂಸನ್ನು ಸೊಂಟದಲ್ಲಿಟ್ಟುಕೊಂಡೇ ಕಾರಿನಲ್ಲಿ ಒಂದು ಸುತ್ತು ಹೋಗಿ ಬರುತ್ತಿದ್ದಳು. ಅಂದು ಹೊಟ್ಟೆಯಲ್ಲಿದ್ದ ಆ ಕೂಸೇ ಈಗ ಹೆತ್ತಿರುವುದು... ಶೆಡ್ಡು ಇದ್ದ ಜಾಗದಲ್ಲಿ ಈಗ ಗೋಡೌನು. ಉಸ್ತಾದರು ತೀರಿಕೊಂಡು, ಅವರ ಮಣ್ಣಿಗೆ ಹೋಗಿ ಬಂದ ದಿನವೂ ನನ್ನ ಕೈಗೆ ಇದೇ ವಾಸನೆಯಿತ್ತು.

ಮೊಮ್ಮಗಳನ್ನು ಕರೆದುಕೊಂಡು ಆಸ್ಪತ್ರೆಯಿಂದ ಹೊರಟೆವು. ಮಗಳು, ಹೆಂಡತಿ, ಕೂಸು ಹಿಂದೆ. ಅಳಿಯ ಬೈಕಿನಲ್ಲಿ. ನನ್ನ ಪಕ್ಕದ ಸೀಟು ಖಾಲಿ. ಬಸ್ಸು, ಆಟೋಗಳ ಗದ್ದಲದಲ್ಲಿ ನನಗೆ ಗುಂಯ್ ಅಂದ ಹಾಗಾಯಿತು. ಅದು ನನ್ನ ಗಾಲಿಯೋ, ಪಕ್ಕದವರದೋ, ನನ್ನ ಮುದಿ ಕಿವಿಯೋ.

“ಏ, ಎಡಗಡಿ ಏನರೆ ಸದ್ದು ಬರಾಕತ್ತೈತೇನು?”

“ಕೂಸು ಗೊರಕಿ ಹೊಡಿಯಾಕತ್ತೈತಿ,” ಅಂದಳು ಹೆಂಡತಿ. “ಮುಂದ ನೋಡಿ ಹೊಡೀರಿ.”

ಮನೆಯ ಮುಂದೆ ಆರತಿ ತಟ್ಟೆ ಹಿಡಿದು ಕಾಯುತ್ತಿದ್ದರು. ನಾನು ಮೊದಲು ಇಳಿದು ಎಡಗಾಲಿಗೆ ಕೈ ಇಟ್ಟೆ. ಬಿಸಿಲಿಗೆ ಕಾದಷ್ಟೇ ಬೆಚ್ಚಗಿತ್ತು, ಹೆಚ್ಚಿಲ್ಲ. ತಿರುಗಿ ಹೇಳಲು ಹೋದೆ, “ಸುಮ್ಮನ ಐತ್ರಿ ಉಸ್ತಾದ್...” ಖಾಲಿ ಸೀಟಿನ ಮೇಲೆ, ಹೊರಡುವಾಗ ಮಗಳು ಬಿಚ್ಚಿ ಇಟ್ಟಿದ್ದ ಕೂಸಿನ ಟೊಪ್ಪಿಗೆ ಬಿದ್ದಿತ್ತು. ಅದನ್ನು ಎತ್ತಿಕೊಳ್ಳುವ ಮೊದಲು ಮತ್ತೊಮ್ಮೆ ಕೈ ತೊಳೆದು ಬಂದೆ.