‘ಮಲಗಿದಳು’ ಎಂದು ಬರೆದ ಚೀಟಿಗಳು

ಕೊರೋನಾ ಮುಗಿದು ಮಕ್ಕಳು ಮತ್ತೆ ಮನೆಯಿಂದ ಹೊರಗೆ ಬರತೊಡಗಿದ ಎರಡನೆಯ ವರ್ಷ. ಆಗ ನಾನು ಭದ್ರಾವತಿಯ ಓಲ್ಡ್ ಟೌನಿನಲ್ಲಿ ಒಂದು ಟ್ರಸ್ಟು ನಡೆಸುತ್ತಿದ್ದ ಶಿಶುಪಾಲನಾ ಕೇಂದ್ರದ ಮೇಲ್ವಿಚಾರಕಿ. ಆ ಕೆಲಸದಲ್ಲಿ ಅದು ನನಗೆ ಇಪ್ಪತ್ತೆರಡನೆಯ ವರ್ಷ. ಒಂದೂವರೆ ವರ್ಷದಿಂದ ಐದು ವರ್ಷದವರೆಗಿನ ಹತ್ತೊಂಬತ್ತು ಮಕ್ಕಳು, ಒಂದು ಹಾಲ್, ಒಂದು ಅಡುಗೆಮನೆ, ಜೊತೆಗೆ ಆಯಾ ಸೆಲ್ವಿ.

ನನ್ನದೊಂದು ಕಟ್ಟುನಿಟ್ಟು ಇತ್ತು. ಸಂಜೆ ಪ್ರತಿ ಮಗುವಿನ ಬ್ಯಾಗಿನಲ್ಲಿ ಒಂದು ಚೀಟಿ ಹೋಗಲೇಬೇಕು. ಏನು ತಿಂದಿತು, ಯಾಕೆ ಅತ್ತಿತು, ಎಷ್ಟು ಹೊತ್ತಿಗೆ ಮಲಗಿತು, ಎಷ್ಟು ಹೊತ್ತಿಗೆ ಎದ್ದಿತು, ಎಲ್ಲ ಅದರಲ್ಲಿ ಇರಬೇಕು. ತಾಯಂದಿರು ಅದನ್ನು ‘ಮಿಸ್ಸಿನ ಪಂಚಾಂಗ’ ಎಂದು ತಮಾಷೆ ಮಾಡುತ್ತಿದ್ದರು. ಮಾಡಿಕೊಳ್ಳಲಿ ಎಂದು ನಾನೂ ನಗುತ್ತಿದ್ದೆ. ಒಳಗೊಳಗೆ ಆ ಚೀಟಿಗಳ ಬಗ್ಗೆ ನನಗೆ ಜಂಭವೇ ಇತ್ತು.

ಜೂನ್ ಮೊದಲ ವಾರ ಕಾಗದನಗರದಿಂದ ಸುಮಾ ಎಂಬ ಹೆಣ್ಣುಮಗಳು ತನ್ನ ಮಗಳು ಇಂಚರಳನ್ನು ಸೇರಿಸಲು ಬಂದಳು. ಮಗುವಿಗೆ ಮೂರು ವರ್ಷ ನಾಲ್ಕು ತಿಂಗಳು. ಸುಮಾಗೆ ಶಿವಮೊಗ್ಗದ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಕೆಲಸ. ಗಂಡ ಲಾರಿ ಡ್ರೈವರ್, ತಿಂಗಳಲ್ಲಿ ಎಂಟು ದಿನ ಮನೆಯಲ್ಲಿದ್ದರೆ ಹೆಚ್ಚು. ಅತ್ತೆಗೆ ಮಂಡಿನೋವು, ಮಗುವಿನ ಹಿಂದೆ ಓಡಲು ಆಗದು. ಅರ್ಜಿಯಲ್ಲಿ ‘ಮಗುವಿಗೆ ಯಾವುದಾದರೂ ಕಾಯಿಲೆ ಇದೆಯೇ’ ಎಂಬಲ್ಲಿ ‘ಇಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದಳು. ಗೇಟಿನವರೆಗೆ ಹೋದವಳು ಏನೋ ನೆನಪಾದಂತೆ ತಿರುಗಿ ಬಂದಳು.

“ಮಿಸ್, ಇವಳು ಒಂದೊಂದ್ಸಲ ಇದ್ದಕ್ಕಿದ್ದ ಹಾಗೆ ಮಲಗಿಬಿಡ್ತಾಳೆ. ಎಬ್ಬಿಸೋಕೆ ಹೋಗ್ಬೇಡಿ, ತಾನಾಗೇ ಏಳ್ತಾಳೆ. ಮಲಗಿದ್ರೆ ನಂಗೊಂದು ಫೋನ್ ಮಾಡ್ತೀರಾ?”

ನನಗೆ ನಗು ಬಂತು. “ಮಕ್ಕಳು ಮಲಗಿದ್ದಕ್ಕೆಲ್ಲ ಫೋನ್ ಮಾಡ್ತಾ ಕೂತ್ರೆ ನಾನು ಬೇರೆ ಕೆಲಸ ಮಾಡೋದು ಯಾವಾಗಮ್ಮ? ಚೀಟಿಯಲ್ಲಿ ಬರೀತೀನಿ, ನೋಡ್ಕೋ.”

ಮಗು ಮಲಗಿತು ಎಂದು ತಿಳಿಸಲು ಕೆಲಸದ ಮಧ್ಯೆ ಫೋನ್ ಮಾಡಿ ಎಂದು ಯಾವ ತಾಯಿ ಕೇಳುತ್ತಾಳೆ? ಇಪ್ಪತ್ತೆರಡು ವರ್ಷದ ಅನುಭವಕ್ಕೆ ಆ ಪ್ರಶ್ನೆ ಅಲ್ಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಇಂಚರ ತಂಟೆಯ ಮಗುವಲ್ಲ. ಬಾಟಲಿ ಮುಚ್ಚಳಗಳನ್ನು ಸಾಲಾಗಿ ಇಟ್ಟು ಬಸ್ಸು ಮಾಡುವುದು, ಅದಕ್ಕೆ ‘ಶಿಮೊಗ್ಗಾ, ಶಿಮೊಗ್ಗಾ’ ಎಂದು ಕಂಡಕ್ಟರನಂತೆ ಕೂಗುವುದು ಅವಳ ಆಟ. ಜೂನ್ ಕೊನೆಗೆ ಒಂದು ದಿನ ಆ ಕೂಗು ಅರ್ಧಕ್ಕೆ ನಿಂತಿತು. ಸೆಲ್ವಿ ಬಂದು, “ಮೇಡಂ, ಈ ಪಾಪ ಕಣ್ಣು ಬಿಟ್ಕೊಂಡೇ ಮಲಗುತ್ತೆ” ಎಂದಳು. ನಾನು ಹೋಗಿ ನೋಡುವಷ್ಟರಲ್ಲಿ ಮಗು ಕಣ್ಣು ಮುಚ್ಚಿ ನಿದ್ದೆ ಮಾಡುತ್ತಿತ್ತು. ಬಾಯಿಂದ ಸ್ವಲ್ಪ ಜೊಲ್ಲು ಇಳಿದಿತ್ತು. ಚೀಟಿಯಲ್ಲಿ ಬರೆದೆ: ‘ಮಲಗಿದಳು, 11.20ರಿಂದ 11.55.’

ಜುಲೈನಲ್ಲಿ ಹಾಗೆ ಮತ್ತೆ ಆಯಿತು. ಒಮ್ಮೆ ಅವಳ ತುಟಿಯ ಎಡ ಅಂಚು ಅದುರುತ್ತಿದ್ದುದನ್ನು ನಾನೇ ಕಂಡೆ. ಅದು ನಿದ್ದೆಯಲ್ಲ ಎಂಬ ಅನುಮಾನ ಆ ಕ್ಷಣದಲ್ಲೇ ಬಂದಿತ್ತು, ಈಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಅನುಮಾನವನ್ನು ಬಾಯಿಬಿಟ್ಟು ಆಡಿದರೆ ಟ್ರಸ್ಟಿಗೆ ತಿಳಿಸಬೇಕು, ಅವರು ಮಗುವನ್ನು ಕಳಿಸಿ ಎನ್ನಬಹುದು, ಆ ತಾಯಿಯ ಕೆಲಸ ಹೋಗುತ್ತದೆ. ಇದೆಲ್ಲ ಅವಳ ಮೇಲಿನ ಕನಿಕರ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು. ಅವತ್ತೂ ಚೀಟಿಯಲ್ಲಿ ‘ಮಲಗಿದಳು’ ಎಂದೇ ಬರೆದೆ.

ಆಗಸ್ಟ್ ಹೊತ್ತಿಗೆ ಮಗು ತೂಕಡಿಸುವುದು ಹೆಚ್ಚಾಯಿತು. ತಿಂಡಿ ತಿನ್ನುತ್ತಲೇ ತೂಗುತ್ತಿದ್ದಳು, ಗೋಡೆಗೆ ಒರಗಿದರೆ ಸಾಕು ನಿದ್ದೆ. ಬಸ್ಸಿನ ಆಟ ಬಹುತೇಕ ನಿಂತೇ ಹೋಯಿತು. ನಾನು ಶಿಸ್ತಾಗಿ ಬರೆಯುತ್ತಾ ಹೋದೆ.

ಸೆಪ್ಟೆಂಬರಿನ ಒಂದು ಗುರುವಾರ. ಉಪ್ಪಿಟ್ಟು ಬಡಿಸಿ ಮುಗಿದಿತ್ತು. ತಟ್ಟೆ ಬಿದ್ದ ಸದ್ದಿಗೆ ತಿರುಗಿದರೆ ಇಂಚರ ನೆಲದ ಮೇಲಿದ್ದಳು. ಮೈಯೆಲ್ಲ ಸೆಟೆದು, ಕೈಕಾಲು ಒಂದೇ ಸಮನೆ ಎಳೆಯುತ್ತಿದ್ದವು. ಕಣ್ಣುಗುಡ್ಡೆ ಮೇಲಕ್ಕೆ ಹೋಗಿತ್ತು. ಗೋಡೆ ಗಡಿಯಾರದಲ್ಲಿ 10.41.

ಸೆಲ್ವಿ ಬೀರುವಿನ ಬೀಗದ ಕೈ ಗೊಂಚಲು ಹಿಡಿದು ಓಡಿಬಂದಳು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆ ಎಂದು ನಮ್ಮಲ್ಲಿ ಮನೆಮನೆಯಲ್ಲೂ ನಂಬಿಕೆ. ಉಕ್ಕಿನ ಊರಿನಲ್ಲಿ ಹುಟ್ಟಿದ ನಾನೇನು ಬೇರೆಯಲ್ಲ, ನನ್ನ ಕೈಯೂ ಆ ಗೊಂಚಲಿನತ್ತ ಚಾಚಿತ್ತು. ಎಂದೋ ಪಡೆದ ಎರಡು ದಿನದ ತರಬೇತಿ ಆ ಹೊತ್ತಿಗೆ ನೆನಪಾದದ್ದು ಪುಣ್ಯ.

“ಅದು ಬೇಡ ಮಾರಾಯ್ತಿ! ಉಳಿದ ಮಕ್ಕಳನ್ನ ಒಳಗೆ ಕರ್ಕೊಂಡು ಹೋಗು.”

ಮಗುವನ್ನು ಒಂದು ಮಗ್ಗುಲಿಗೆ ತಿರುಗಿಸಿದೆ, ಬಾಯಲ್ಲಿರುವುದು ಹೊರಗೆ ಹರಿದುಹೋಗಲಿ ಎಂದು. ಕತ್ತಿನ ಗುಂಡಿ ಬಿಚ್ಚಿದೆ, ತಲೆಯ ಕೆಳಗೆ ನನ್ನ ಸೆರಗು ಮಡಿಸಿ ಇಟ್ಟೆ. ಬಾಯಿಗೆ ಏನನ್ನೂ ಹಾಕಬಾರದು, ಕೈಕಾಲು ಅದುಮಿ ಹಿಡಿಯಬಾರದು, ಗಡಿಯಾರ ನೋಡಬೇಕು. ಹೇಳುವುದು ಸುಲಭ. ಮೂರು ವರ್ಷದ ಮಗುವಿನ ತುಟಿ ಕಣ್ಣೆದುರಿಗೇ ನೀಲಿಗಟ್ಟುವಾಗ ಗಡಿಯಾರ ನೋಡುತ್ತ ಕೂರುವುದಿದೆಯಲ್ಲ, ಅದರಂಥ ಕಷ್ಟದ ಕೆಲಸವನ್ನು ನಾನು ಮತ್ತೊಂದು ಮಾಡಿಲ್ಲ. 10.43 ಆಯಿತು. ನಿಲ್ಲಲಿಲ್ಲ.

ಸುಮಾಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಅಂಗಡಿಯಲ್ಲಿ ಮೊಬೈಲನ್ನು ಡ್ರಾಯರಿನಲ್ಲಿ ಇಡಬೇಕೆಂಬ ನಿಯಮವಂತೆ. ಎರಡನೆಯ ಸಲ ತೆಗೆದಳು. ಹೇಗೆ ಹೇಳಲಿ, ಯಾವ ಪದ ಬಳಸಲಿ ತಿಳಿಯದೆ ಅವಳದೇ ಪದ ಬಾಯಿಗೆ ಬಂತು.

“ಸುಮಾ, ಇಂಚರ ಮಲಗಿದ್ದಾಳೆ ಕಣಮ್ಮ.”

ಅವಳು ಏನಾಯಿತು ಎಂದು ಕೇಳಲಿಲ್ಲ. “ಎಷ್ಟು ನಿಮಿಷ ಆಯ್ತು ಮಿಸ್?” ಎಂದಳು.

“ಮೂರು ದಾಟಿತು.”

“ಅವಳ ಬ್ಯಾಗಲ್ಲಿ ಕೆಳಗಡೆ, ಬಟ್ಟೆ ಅಡಿಗೆ, ಹಳದಿ ಕರ್ಚೀಫ್ ಇದೆ. ಬಿಚ್ಚಿ. ಮೂಗಿಗೆ ಹೊಡೆಯೋ ಸ್ಪ್ರೇ. ಐದು ನಿಮಿಷ ಆದ್ರೂ ನಿಲ್ಲದಿದ್ರೆ ಹೊಡೀಬೇಕು. ಎಷ್ಟು ಸಲ ಅಂತ ಡಾಕ್ಟ್ರು ಅದರ ಡಬ್ಬಿ ಮೇಲೇ ಬರೆದಿದಾರೆ. ಫೋನ್ ಇಡಬೇಡಿ ಮಿಸ್, ಇಡಬೇಡಿ.”

ಹಳದಿ ಕರ್ಚೀಫಿನಲ್ಲಿ ಮಿಡಜೋಲಮ್ ಎಂಬ ಔಷಧಿ ಇತ್ತು. ಉದ್ದಕ್ಕೆ ಎಳೆಯುವ ಫಿಟ್ಸನ್ನು ನಿಲ್ಲಿಸಲು ಕೊಡುವಂಥದ್ದು. ಮೂರು ತಿಂಗಳಿಂದ ದಿನವೂ ಅದು ನನ್ನ ಕೇಂದ್ರಕ್ಕೆ ಬಂದು ಹೋಗುತ್ತಿತ್ತು, ನನಗೆ ಗೊತ್ತಿರಲಿಲ್ಲ. 10.46ಕ್ಕೆ ಕೊಟ್ಟೆ. ಫೋನಿನಲ್ಲಿ ಸುಮಾ ಉಸಿರಾಡುವುದು ಕೇಳಿಸುತ್ತಿತ್ತು, ಅವಳ ಹಿಂದೆ ಯಾರೋ ಸೀರೆಯ ಬೆಲೆ ಕೇಳುತ್ತಿದ್ದರು. 10.49ಕ್ಕೆ ಎಳೆತ ನಿಂತಿತು. ಮಗು ಒಂದು ದೊಡ್ಡ ಉಸಿರು ಎಳೆದುಕೊಂಡಿತು. ನಾನು ಅಳುತ್ತಲೇ ಅವಳನ್ನು ಎತ್ತಿಕೊಂಡು ಆಟೋ ಹತ್ತಿದೆ.

ಆಸ್ಪತ್ರೆಯಲ್ಲಿ ಅಪಾಯ ದಾಟಿದೆ ಎಂದರು. ಮುಕ್ಕಾಲು ಗಂಟೆಯಲ್ಲಿ ಸುಮಾ ಬಂದಳು. ಮಗುವನ್ನು ನೋಡಿ, ಮೈಯೆಲ್ಲ ಸವರಿ, ಬೆಂಚಿನ ಮೇಲೆ ನನ್ನ ಪಕ್ಕ ಕೂತಳು.

“ಮೊದಲೇ ಹೇಳಬಾರದಿತ್ತಾ?” ಎಂದೆ. ನನ್ನ ದನಿಯಲ್ಲಿ ಸಿಟ್ಟಿತ್ತು.

“ಹೇಳಿದ್ದೆ ಮಿಸ್, ಎರಡು ಕಡೆ. ಒಂದು ಕಡೆ ಅರ್ಜಿನೇ ವಾಪಸ್ ಕೊಟ್ರು. ಇನ್ನೊಂದು ಕಡೆ ಮೂರನೇ ದಿನ ಕರ್ಕೊಂಡು ಹೋಗಿ ಅಂದ್ರು. ಮೂರನೇ ಕಡೆ ಹೇಳಲಿಲ್ಲ.”

ಮನೆಯಲ್ಲೂ ಆ ಕಾಯಿಲೆಯ ಹೆಸರು ಎತ್ತುವಂತಿರಲಿಲ್ಲವಂತೆ. ಅವರಿದ್ದ ಕ್ವಾರ್ಟರ್ಸಿನಲ್ಲಿ ಒಬ್ಬರ ಮಾತು ಇನ್ನೊಬ್ಬರ ಮನೆಗೆ ಕೇಳಿಸುತ್ತದೆ, ಹೆಣ್ಣುಮಗು ಬೇರೆ. ಅದಕ್ಕೇ ಅತ್ತೆ ‘ಮಲಗಿದ್ಲು’ ಎಂಬ ಮಾತನ್ನು ರೂಢಿ ಮಾಡಿದ್ದರು. ಹೀಗೆನ್ನುತ್ತ ಸುಮಾ ತನ್ನ ವ್ಯಾನಿಟಿ ಬ್ಯಾಗಿನಿಂದ ಒಂದು ಕಟ್ಟು ತೆಗೆದಳು. ನನ್ನ ಚೀಟಿಗಳು! ಮಧ್ಯಾಹ್ನ ಎಲ್ಲ ಮಕ್ಕಳೂ ಮಲಗುವ ಹೊತ್ತನ್ನು ಬಿಟ್ಟು, ಬೇರೆ ಹೊತ್ತಿನಲ್ಲಿ ‘ಮಲಗಿದಳು’ ಎಂದು ನಾನು ಬರೆದ ಕಡೆಯೆಲ್ಲ ಕೆಂಪು ಗೆರೆ ಎಳೆದಿದ್ದಳು. ಒಟ್ಟು ಹದಿನೇಳು.

“ಇದನ್ನೇ ಡಾಕ್ಟ್ರಿಗೆ ತೋರಿಸ್ತಿದ್ದೆ. ಇಷ್ಟು ಸಲ ಬಂದಿದೆ ಅಂತ. ಅವ್ರು ಎರಡು ಸಲ ಔಷಧಿ ಜಾಸ್ತಿ ಮಾಡಿದ್ರು.”

ನಾನು ಒಂದೊಂದೇ ಚೀಟಿ ತಿರುವಿ ನೋಡಿದೆ. “ಹದಿನೇಳೂ ಫಿಟ್ಸ್ ಅಲ್ಲ ಸುಮಾ. ಎಷ್ಟೋ ಸಲ ಅವಳು ಸುಮ್ಮನೆ ನಿದ್ದೆ ಮಾಡಿದ್ದು.”

ನಾವಿಬ್ಬರೂ ಒಂದೇ ಪದವನ್ನು ಬಳಸಿದ್ದೆವು. ಫಿಟ್ಸಿಗೂ ನಿದ್ದೆಗೂ ನಾನು ‘ಮಲಗಿದಳು’ ಎಂದು ಬರೆದೆ, ಅವಳು ಎಲ್ಲವನ್ನೂ ಫಿಟ್ಸ್ ಎಂದೇ ಓದಿದಳು. ಲೆಕ್ಕ ಹೆಚ್ಚಾದಂತೆ ಔಷಧಿ ಹೆಚ್ಚಿತು, ಔಷಧಿ ಹೆಚ್ಚಿದಂತೆ ಮಗು ತೂಕಡಿಸಿತು, ನಾನು ಮತ್ತೆ ‘ಮಲಗಿದಳು’ ಎಂದು ಬರೆದೆ.

ಸುಮಾ ತಲೆ ತಗ್ಗಿಸಿ ಇನ್ನೊಂದು ಮಾತು ಹೇಳಿದಳು. “ಅವಳು ತೂಗೋದು ನೋಡೋಕಾಗ್ದೆ ಮೂರು ದಿನದಿಂದ ಬೆಳಗಿನ ಔಷಧಿ ನಾನೇ ಬಿಟ್ಟುಬಿಟ್ಟೆ ಮಿಸ್.”

ಔಷಧಿಯನ್ನು ಹಾಗೆ ಏಕಾಏಕಿ ಬಿಟ್ಟದ್ದೇ ಆ ಎಂಟು ನಿಮಿಷಕ್ಕೆ ಕಾರಣವಾಗಿರಬೇಕು ಎಂದು ಶಿವಮೊಗ್ಗದ ಮಕ್ಕಳ ನರರೋಗ ತಜ್ಞರು ಮರುವಾರ ಹೇಳಿದರು. ಸುಮಾಳ ಜೊತೆ ನಾನೂ ಸೆಲ್ವಿಯೂ ಹೋಗಿದ್ದೆವು. ಮೆದುಳಿನ ಒಂದು ಭಾಗದಲ್ಲಿ ವಿದ್ಯುತ್ ಸಂಚಾರ ಏರುಪೇರಾದಾಗ ಮಗು ಬಿದ್ದು ಒದ್ದಾಡದೆಯೂ ಇರಬಹುದು, ಸುಮ್ಮನೆ ದಿಟ್ಟಿಸಿ, ತುಟಿ ಅದುರಿಸಿ, ಆಮೇಲೆ ಸುಸ್ತಾಗಿ ನಿಜವಾಗಿಯೇ ನಿದ್ದೆ ಹೋಗಬಹುದು, ಇದಕ್ಕೆ ಫೋಕಲ್ ಸೀಜರ್ ಎನ್ನುತ್ತಾರೆ ಎಂದು ವಿವರಿಸಿದರು. ನಂತರ ಒಂದೊಂದೇ ಚೀಟಿ ಎತ್ತಿ, “ಇಲ್ಲಿ ಕಣ್ಣು ಬಿಟ್ಟಿತ್ತಾ, ಮುಚ್ಚಿತ್ತಾ?” ಎಂದು ಕೇಳುತ್ತಾ ಹೋದರು. ಉತ್ತರ ಕೊಟ್ಟವಳು ಸೆಲ್ವಿ. ಅವತ್ತು ಯಾವ ತಿಂಡಿ, ಮಗು ಯಾವ ಮೂಲೆಯಲ್ಲಿತ್ತು, ಎಲ್ಲ ಅವಳಿಗೆ ನೆನಪಿತ್ತು. ಹದಿನೇಳರಲ್ಲಿ ಆರು ಫಿಟ್ಸ್. ಬರೆದ ನನಗೆ ಒಂದರ ನೆನಪು ಬಿಟ್ಟರೆ ಬೇರೇನೂ ಇರಲಿಲ್ಲ, ಆ ಒಂದನ್ನೂ ನಾನು ತಿಳಿದೇ ನಿದ್ದೆ ಎಂದು ಬರೆದಿದ್ದೆ. ಅದನ್ನು ಡಾಕ್ಟರ ಮುಂದೆ, ಸುಮಾಳ ಮುಂದೆ ಒಪ್ಪಿಕೊಂಡೆ. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಔಷಧಿಯ ಪ್ರಮಾಣ ಹಂತಹಂತವಾಗಿ ಇಳಿಯಿತು. ಇಂಚರಳನ್ನು ಕೇಂದ್ರದಲ್ಲೇ ಉಳಿಸಿಕೊಳ್ಳಲು ಟ್ರಸ್ಟಿನವರನ್ನು ಒಪ್ಪಿಸಲು ಎರಡು ಸಭೆ ಬೇಕಾದವು. ತಾಯಂದಿರನ್ನು ಕರೆಯುವ ಮೊದಲು, ಅವರಿಗೆ ವಿಷಯ ಹೇಳಬಹುದೇ ಎಂದು ಸುಮಾಳನ್ನು ಕೇಳಿದೆ. ಅವಳು ರಾತ್ರಿಯಿಡೀ ಯೋಚಿಸಿ, “ನಾನೇ ಹೇಳ್ತೀನಿ” ಎಂದಳು. ಸಭೆಯಲ್ಲಿ ಎದ್ದು ನಿಂತು, “ನನ್ನ ಮಗಳಿಗೆ ಫಿಟ್ಸ್ ಇದೆ” ಎಂದಳು. ಒಬ್ಬಾಕೆ ಮೆಲ್ಲಗೆ, “ಅಂಟುತ್ತಾ ಮಿಸ್?” ಎಂದರು. ನಾನು ಬಾಯಿ ತೆರೆಯುವ ಮೊದಲೇ ಸೆಲ್ವಿ, “ಅಂಟೋದಾದ್ರೆ ನಂಗೆ ಅಂಟಬೇಕಿತ್ತಮ್ಮ, ದಿನಾ ಎತ್ಕೊಳ್ಳೋಳು ನಾನು” ಎಂದಳು. ಒಬ್ಬರು ಮಗುವನ್ನು ಬಿಡಿಸಿಕೊಂಡು ಹೋದರು. ಉಳಿದವರು ಉಳಿದರು.

ಅದಾದ ಮೇಲೆ ನನ್ನ ಚೀಟಿ ಬದಲಾಯಿತು. ಕಣ್ಣು ಹೇಗಿತ್ತು, ಕೈ ಹೇಗಿತ್ತು, ಕರೆದರೆ ತಿರುಗಿದಳೇ, ಎಷ್ಟು ನಿಮಿಷ ಎಂಬುದನ್ನು ಕಂಡವರೇ ಬರೆಯಬೇಕು. ಸೆಲ್ವಿಗೆ ಕನ್ನಡ ಬರೆಯಲು ಬಾರದು, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದುಕೊಳ್ಳುತ್ತಿದ್ದೆ. ಸ್ಪ್ರೇ ಗೋಡೆಯ ಎತ್ತರದ ಕಪಾಟಿಗೆ ಬಂತು. ಭಯ ಮಾತ್ರ ಹೋಗಲಿಲ್ಲ. ಇಂಚರ ಮಲಗಿದಾಗಲೆಲ್ಲ ಪಕ್ಕದಲ್ಲಿ ಕೂತು ಅವಳ ಎದೆ ಏರಿಳಿಯುವುದನ್ನು ನೋಡುತ್ತಿದ್ದೆ. ಮಗುವಿನ ವಿಷಯದಲ್ಲಿ ಕಂಡದ್ದನ್ನು ಬರೆಯಬೇಕು, ಕೇಳಲು ಹಿತವಾದ ಹೆಸರನ್ನಲ್ಲ. ಈ ಕೆಲಸದಲ್ಲಿ ನಾನು ಇಪ್ಪತ್ತೆರಡನೆಯ ವರ್ಷದಲ್ಲಿ ಕಲಿತದ್ದು ಇಷ್ಟು.

ಮಲಗಿದ್ದಕ್ಕೆಲ್ಲ ಫೋನ್ ಮಾಡುವುದಿಲ್ಲ ಎಂದಿದ್ದ ನಾನು, ಇಂಚರ ಐದು ತುಂಬಿ ನಮ್ಮಲ್ಲಿಂದ ಹೋಗುವವರೆಗೆ ದಿನವೂ ಮಧ್ಯಾಹ್ನ ಒಂದೂವರೆಗೆ ಸುಮಾಗೆ ಫೋನ್ ಮಾಡಿದೆ. ಅಂಗಡಿಯವರು ಅವಳ ಮೊಬೈಲನ್ನು ಡ್ರಾಯರಿನಿಂದ ಹೊರಗಿಡಲು ಒಪ್ಪಿದ್ದರು. ಮೊದಲ ದಿನ ನಾನು, “ಸುಮಾ, ಇಂಚರ ಮಲಗಿದ್ದಾಳೆ” ಎಂದೆ. ಅವಳು ದನಿ ತಗ್ಗಿಸಿ ಕೇಳಿದಳು.

“ಬರೀ ಮಲಗಿದ್ದಾಳಾ ಮಿಸ್?”

“ಬರೀ ಮಲಗಿದ್ದಾಳೆ ಕಣಮ್ಮ. ಗೊರಕೆ ಹೊಡೀತಿದಾಳೆ, ಕೇಳು” ಎಂದು ಫೋನನ್ನು ಮಗುವಿನ ಮೂಗಿನ ಹತ್ತಿರ ಹಿಡಿದೆ.